ಒಂಬತ್ತು ರವಿವಾರದ ನೀರು

ಮೀನೇ ಇಲ್ಲದ ಟ್ಯಾಂಕಿನ ನೀರು ನೋಡಲು ಒಬ್ಬ ಗಂಡಸು ಹಳಿಯಾಳದಿಂದ ದಾಂಡೇಲಿಗೆ ಪ್ರತಿ ರವಿವಾರ ಬರುತ್ತಾರೆ ಅಂದರೆ ನಮ್ಮ ಕ್ವಾರ್ಟರ್ಸ್‌ನ ಹೆಂಗಸರು ಸುಮ್ಮನಿರುತ್ತಾರೆಯೇ?

"ಏನ ಸುನಂದಾ, ಮೀನ ಇನ್ನೂ ಬಂದಿಲ್ಲ? ಮೀನಿನವರು ಮಾತ್ರ ಒಂದ ವಾರಾನೂ ತಪ್ಪಸೂದಿಲ್ಲ ನೋಡು," ಎಂದಳು ಪಕ್ಕದ ಮನೆಯ ಸಕ್ಕುಬಾಯಿ, ಸೀರೆ ಒಣಹಾಕುತ್ತ.

"ನೀರು ಹದಕ್ಕ ಬರಬೇಕಂತ, ಅಕ್ಕಾ."

"ನೀರೋ, ನೀನೋ?"

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಮುಖ ಬಿಸಿಯಾಗಿತ್ತು.

ಅವ್ವ ಹೋಗಿ ಎರಡು ವರ್ಷ. ಕಾಗದದ ಮಿಲ್ಲಿನ ಲ್ಯಾಬಿನಲ್ಲಿ ದಿನವಿಡೀ ಬಾಯ್ಲರ್ ನೀರು ಪರೀಕ್ಷಿಸಿ ಮನೆಗೆ ಬಂದರೆ, ಬಂದೆಯಾ ಎಂದು ಕೇಳುವ ಒಂದು ಜೀವವಿಲ್ಲ. ಮೂವತ್ತೇಳರ ಹೆಣ್ಣು, ಅನ್ನ ಉಪ್ಪಿನಕಾಯಿ ಕಲಸಿ ಒಲೆಯ ಮುಂದೆ ನಿಂತೇ ಉಣ್ಣುತ್ತಿದ್ದೆ. ಒಂದು ದಿನ ಏನು ಹುಚ್ಚು ಹಿಡಿಯಿತೋ, ಹಳಿಯಾಳದ ಅಕ್ವೇರಿಯಂ ಅಂಗಡಿಗೆ ಹೋಗಿ ಡಿಸ್ಕಸ್ ಮೀನು ಕೇಳಿದೆ. ಅಂಗೈಯಗಲದ, ದುಂಡನೆಯ, ಕೆಂಪು ಗೆರೆಯ ಮೀನು.

"ಒಂದ ಸಾಕ್ರಿ."

ಅಂಗಡಿಯ ಮಹಾಬಳೇಶ್ವರ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಒಂದ ಕೊಡಂಗಿಲ್ರಿ ಮೇಡಂ. ಒಂಟಿ ಇದ್ರ ಇದು ಕೂಳ ಬಿಡತೈತಿ. ಕಡಿಮಿ ಅಂದ್ರೂ ಆರು ಇರಬೇಕು."

ಯಾರ ಮುಂದೆ ಹೇಳುತ್ತಿದ್ದೀರಿ ಮಾರಾಯರೇ ಎಂದುಕೊಂಡೆ.

ಆ ವಾರವೇ ಟ್ಯಾಂಕು ಬಂತು, ಹೀಟರು, ಫಿಲ್ಟರು ಬಂದವು. ಮೀನು ಬರಲಿಲ್ಲ. ಮೀನಿನ ಹೊಲಸು ನೀರಿನಲ್ಲಿ ಅಮೋನಿಯಾ ಆಗುತ್ತದೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಮೊದಲು ಫಿಲ್ಟರಿನಲ್ಲಿ ಬೆಳೆಯಬೇಕು, ಅದಕ್ಕಾಗಿ ಚಿಟಿಕೆ ಮೀನಿನ ಆಹಾರ ನೀರಿನಲ್ಲಿ ಕೊಳೆಯಲು ಬಿಡಬೇಕು, ಆರು ವಾರ ತಾಳಬೇಕು ಎಂದರು. ಪ್ರತಿ ರವಿವಾರ ಬಂದು ಗಾಜಿನ ನಳಿಕೆಯಲ್ಲಿ ಒಂದಿಷ್ಟು ನೀರು ತೆಗೆದು, ಔಷಧಿಯ ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಹಸಿರಾದರೆ ವಿಷ, ಹಳದಿಯಾದರೆ ಹದ. ಬಣ್ಣ ಬರಲು ಐದು ನಿಮಿಷ ಬೇಕು. ನಾನು ನಳಿಕೆಯನ್ನು ನೋಡುವವಳಂತೆ ಅವರ ರೆಪ್ಪೆಗಳನ್ನು ನೋಡುತ್ತಿದ್ದೆ. ಒಮ್ಮೆ ಸಿಕ್ಕಿಬಿದ್ದೆ. ಅವರು ನಕ್ಕು ಕನ್ನಡಕ ಒರೆಸಿಕೊಂಡರು. ಆಮೇಲೆ ಚಹಾ, ಅವಲಕ್ಕಿ, ಒಂದು ತಾಸು ಮಾತು. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯಲ್ಲೇ ಮಲಗುತ್ತೇನೆ ಎಂದು ಹೇಳಿದ್ದೂ ಅಂಥ ಒಂದು ತಾಸಿನಲ್ಲೇ.

ಆರನೆಯ ರವಿವಾರ ನೀರು ಹಳದಿಯಾಯಿತು.

"ಗೆದ್ದೀರಿ ಮೇಡಂ! ಮುಂದಿನ ವಾರ ಮೀನ ತರ್ತೇನಿ. ಆಮೇಲೆ ನನ್ನ ಕಿರಿಕಿರಿ ನಿಮಗ ಇರಂಗಿಲ್ಲ."

ಇನ್ನು ರವಿವಾರವೂ ಒಂದೇ ಲೋಟ ಚಹಾ ಎಂದುಕೊಂಡೆ.

ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಲ್ಯಾಬಿನಿಂದ ಅಮೋನಿಯಾದ ಸಣ್ಣ ಬಾಟಲಿ ತಂದೆ. ಏಳನೆಯ ರವಿವಾರ ಅವರ ಬೈಕಿನ ಸದ್ದು ಕೇಳುವ ಮೊದಲೇ ನಾಲ್ಕು ಹನಿ ಟ್ಯಾಂಕಿಗೆ ಬಿಟ್ಟೆ. ನೀರು ಹಸಿರು! ಪಾಪ, ತಲೆ ಕೆರೆದುಕೊಂಡು, ತಂದಿದ್ದ ಮೀನುಗಳನ್ನು ಹಾಗೇ ಅಂಗಡಿಗೆ ವಾಪಸು ಒಯ್ದರು. ಎಂಟನೆಯ ವಾರ ಇಲ್ಲಿಯ ನಳದ ನೀರಿನ ಮೇಲೆ ಸಂಶಯಪಟ್ಟು ಹಳಿಯಾಳದಿಂದ ಎರಡು ಕ್ಯಾನ್ ನೀರನ್ನು ಬೈಕಿಗೆ ಕಟ್ಟಿಕೊಂಡು ತಂದರು. ಆಗಲೂ ಹಸಿರೇ.

ಒಂಬತ್ತನೆಯ ವಾರ ನಗದೆ ಬಂದರು.

"ನಿಮಗಂತ ತರಿಸಿದ್ದ ಆರರಾಗ ಎರಡ ಸತ್ತೂರಿ," ಎಂದರು. "ಅಂಗಡ್ಯಾಗ ಸಣ್ಣ ಟ್ಯಾಂಕಿನ್ಯಾಗ ಇಕ್ಕಟ್ಟಾಗಿತ್ತು. ಇವತ್ತರ ಹಳದಿ ಬರಲಿ."

ನಳಿಕೆಯಲ್ಲಿ ನೀರು ತೆಗೆದು ಬೆಳಕಿಗೆ ಹಿಡಿದರು. ನಾನು ಆಗಲೇ ಅಮೋನಿಯಾ ಹನಿ ಬಿಟ್ಟಾಗಿತ್ತು. ಐದು ನಿಮಿಷ ಕಳೆಯಿತು. ಹಸಿರು.

ಅವರು ನೆಲದ ಮೇಲೆ ಕೂತುಬಿಟ್ಟರು. "ನಂದ ತಪ್ಪ ಇರಬೇಕು ಮೇಡಂ. ಇಷ್ಟ ಟ್ಯಾಂಕ್ ಕೂಡ್ರಿಸೀನಿ, ಎಲ್ಲೂ ಹಿಂಗ ಆಗಿಲ್ಲ. ನನಗ ಈ ಕೆಲಸಾನ ಬರಂಗಿಲ್ಲೇನೋ."

ಅದನ್ನು ಕೇಳಿಯೂ ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ. ಬಾಟಲಿ ತಂದು ಅವರ ಮುಂದಿಟ್ಟೆ.

"ತಪ್ಪ ನಿಮ್ಮದಲ್ರಿ. ನಾನ ಹಾಕೀನಿ. ಮೂರು ವಾರದಿಂದ. ಮೀನ ಬಂದ್ರ ನೀವು ಬರೂದ ನಿಲ್ಲತೈತಿ ಅಂತ."

ಅವರು ಬಾಟಲಿ ನೋಡಿದರು, ನನ್ನನ್ನು ನೋಡಲಿಲ್ಲ. ಪೈಪು ಹಾಕಿ ಅರ್ಧ ಟ್ಯಾಂಕು ಖಾಲಿ ಮಾಡಿದರು, ತಾವೇ ಬಕೆಟ್ಟು ಹೊತ್ತು ಹೊಸ ನೀರು ತುಂಬಿದರು. ಚಹಾ ಕುಡಿಯಲಿಲ್ಲ.

"ನಾಳೆ ಮುಂಜಾನೆ ನೀವ ನೋಡ್ರಿ. ಹಳದಿ ಬಂದ್ರ ಫೋನ್ ಮಾಡ್ರಿ," ಎಂದು ನಳಿಕೆ, ಔಷಧಿ ಅಲ್ಲೇ ಇಟ್ಟು ಹೋದರು.

ಹಳದಿ ಬಂತು. ಸೋಮವಾರ ಸಂಜೆ ನಾಲ್ಕು ಮೀನು ಬಂದವು. ಹೆದರಿ, ಮೈ ಕಪ್ಪಾಗಿಸಿಕೊಂಡು, ಮೂಲೆಯಲ್ಲಿ ಒಂದಕ್ಕೊಂದು ಒತ್ತಿ ನಿಂತವು. ಅವುಗಳಿಗೆ ಗಾಬರಿಯಾಗದಿರಲೆಂದು ಅವರು ಟ್ಯಾಂಕಿನ ದೀಪ ಆರಿಸಿದರು. ಮಬ್ಬಿನಲ್ಲಿ ಇಬ್ಬರೂ ಕೂತೆವು, ನಡುವೆ ಒಂದು ಮಾರು ಜಾಗ ಬಿಟ್ಟು.

"ಇಷ್ಟೆಲ್ಲಾ ಮಾಡೂದ ಬೇಕಿತ್ತೇನ್ರಿ? ಬರ್ರಿ ಅಂದಿದ್ರ ಬರ್ತಿದ್ದಿಲ್ಲೇನು ನಾ?"

"ಹೆಂಗ ಅನ್ನೂದು? ಯಾರಿಗೂ ಅಂದು ರೂಢಿ ಇಲ್ಲ ನನಗ." ಅಳು ತಡೆಯಲಾಗಲಿಲ್ಲ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಎರಡ ಮೀನಿಂದು ಸಿಟ್ಟ ನನಗ ಇನ್ನೂ ಹೋಗಿಲ್ಲ. ಸುಳ್ಳ ಹೇಳಂಗಿಲ್ಲ."

"ಇರಲಿ. ಸಿಟ್ಟ ಇಟ್ಕೊಂಡ ಬರ್ರಿ. ಆದ್ರ ಬರ್ರಿ."

ಅವರು ಎದ್ದು ಬಾಗಿಲಿಗೆ ಹೋಗಿ, ಚಪ್ಪಲಿ ಹಾಕಿಕೊಂಡು, ಅಲ್ಲೇ ನಿಂತರು.

"ರವಿವಾರತನಕ ಕಾಯೂದ ಯಾಕ?" ಎಂದರು, ಈ ಕಡೆ ತಿರುಗದೆಯೇ. "ಬುಧವಾರ ನಂದ ಅಂಗಡಿ ಬಂದ್ ಇರ್ತೈತಿ."