ನಿಂತುಹೋದ ಸುಗ್ಗಿ

ಬಹಳ ಬಹಳ ಹಿಂದೆ, ಹೆಸರು ಹಿಡಿದು ಕರೆದರೆ ಮರಗಳೂ ಓಗೊಡುತ್ತಿದ್ದ ಕಾಲದಲ್ಲಿ, ಏಳುಮರಡಿ ಎಂಬ ರಾಜ್ಯವಿತ್ತು. ಆ ರಾಜ್ಯದ ತುದಿಯ ಹಳ್ಳಿಯೊಂದರಲ್ಲಿ ಬರಮಪ್ಪನೆಂಬವನ ಸಣ್ಣ ಹೊಲವಿತ್ತು. ಹೊಲ ಸಣ್ಣದಾದರೂ ಮನೆ ತುಂಬಿತ್ತು. ಹೆಂಡತಿ ನೀಲವ್ವ, ಮುದುಕಿ ತಾಯಿ ಮಲ್ಲವ್ವ, ಮಗ ಕಲ್ಲಪ್ಪ, ತುಂಬು ಬಸುರಿ ಸೊಸೆ ಸಾವಂತ್ರಿ, ಕಡೆಯವಳು ಮಗಳು ದ್ಯಾಮಿ. ಕೊಟ್ಟಿಗೆಯಲ್ಲಿ ಗಬ್ಬದ ಆಕಳೊಂದಿತ್ತು.

ಮಳೆಗಾಲ ಬಂದರೆ ಅವರು ಬಿತ್ತುತ್ತಿದ್ದರು. ಚಳಿ ಬಂದರೆ ಹಾಲುಗಾಳಿನ ತೆನೆ ಸುಟ್ಟು ಸೀತನಿ ತಿನ್ನುತ್ತಿದ್ದರು. ಸುಗ್ಗಿ ಬಂದರೆ ಕಣದಲ್ಲಿ ಎತ್ತು ತಿರುಗಿಸಿ ಹಂತಿಯ ಹಾಡು ಹೇಳುತ್ತಿದ್ದರು. ಬೇಸಗೆಯಲ್ಲಿ ಬೇವಿನ ನೆರಳಿಗೆ ಕೂತು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಹೀಗೆ ವರ್ಷ ತಿರುಗುತ್ತಿತ್ತು, ಬದುಕೂ ತಿರುಗುತ್ತಿತ್ತು.

ಆ ರಾಜ್ಯದ ಅರಸ ಬಿಜ್ಜರಸ. ಅವನಿಗೆ ವಯಸ್ಸಾಗುತ್ತಿತ್ತು. ಕನ್ನಡಿಯಲ್ಲಿ ಬಿಳಿ ಕೂದಲು ಕಂಡ ದಿನದಿಂದ ಸಾವಿನ ಭಯ ಅವನನ್ನು ಹಿಡಿದುಕೊಂಡಿತ್ತು. ಅದನ್ನು ಮೂಸಿಕೊಂಡು ಬಂದವನಂತೆ ಒಬ್ಬ ಮಾಂತ್ರಿಕ ಅರಮನೆಗೆ ಬಂದ. ಅವನ ಕಣ್ಣೊಳಗೆ ಕಪ್ಪು ಇರಲಿಲ್ಲ, ಬಿಳುಪೂ ಇರಲಿಲ್ಲ. ಬರೀ ಬೂದಿ. ಜನ ಅವನನ್ನು ಬೂದಿಗಣ್ಣ ಎಂದೇ ಕರೆದರು.

“ಮಹಾರಾಜ, ಇದು ಸುಗ್ಗಿಯ ಕಾಲ. ಹೊಲ ತುಂಬಿದೆ. ವರ್ಷವನ್ನು ಇಲ್ಲಿಯೇ ಕಟ್ಟಿಹಾಕುತ್ತೇನೆ. ನಾಳೆ ಎಂಬುದು ಬಾರದಿದ್ದರೆ ಸಾವು ಯಾವ ದಾರಿಯಿಂದ ಬಂದೀತು?” ಎಂದ ಬೂದಿಗಣ್ಣ.

ಅರಸ ಹೂಂ ಅಂದ. ಮಾಂತ್ರಿಕ ಅರಮನೆಯ ಗೋಪುರ ಹತ್ತಿ ಮುಷ್ಟಿ ಬಿಗಿಹಿಡಿದ. ವರ್ಷ ನಿಂತಿತು.

ಮೊದಮೊದಲು ಜನ ಹಿಗ್ಗಿದರು. ಸಂಜೆ ಕೊಯ್ದ ಜೋಳ ಬೆಳಗಾಗುವಷ್ಟರಲ್ಲಿ ಮತ್ತೆ ತೆನೆ ಬಿಟ್ಟು ನಿಂತಿರುತ್ತಿತ್ತು. ಆದರೆ ಕುಟ್ಟಿದರೆ ಕಾಳಿಲ್ಲ, ಬರೀ ಜೊಳ್ಳು. ಅದರ ರೊಟ್ಟಿ ತಿಂದರೆ ಹೊಟ್ಟೆ ತುಂಬುತ್ತಿತ್ತು, ಹಸಿವು ಮಾತ್ರ ಹೋಗುತ್ತಿರಲಿಲ್ಲ. ಊರಿನ ಅಂಬೆಗಾಲಿಡುವ ಕೂಸುಗಳು ಎದ್ದು ನಿಲ್ಲಲಿಲ್ಲ. ಗಬ್ಬದ ಆಕಳು ಕರು ಹಾಕಲಿಲ್ಲ. ಸಾವಂತ್ರಿಗೆ ಇಂದೋ ನಾಳೆಯೋ ಅನ್ನುವಂತಿದ್ದ ಹೆರಿಗೆ ಇಂದಿಗೇ ನಿಂತುಹೋಯಿತು. ಆಕೆ ಸೊಂಟಕ್ಕೆ ಕೈಯಿಟ್ಟುಕೊಂಡು ಗೋಡೆ ಹಿಡಿದು ನಡೆಯುವಳು. ಕೂರಲೂ ಆಗದು, ಮಲಗಲೂ ಆಗದು.

ಬಾರದೆ ಹೋದ ಆ ನಾಳೆಗಳನ್ನೆಲ್ಲ ಗೋಪುರದಲ್ಲಿ ಕೂತು ಬೂದಿಗಣ್ಣ ತಿನ್ನುತ್ತಿದ್ದ. ಅವನ ಕೆನ್ನೆ ಕೆಂಪೇರುತ್ತಿತ್ತು, ತೋಳು ತುಂಬುತ್ತಿತ್ತು. ಅರಸನಿಗೆ ಇದು ಗೊತ್ತಿರಲಿಲ್ಲ.

ಒಂದು ಮುಂಜಾನೆ ಬೂದಿಗಣ್ಣನ ಮಾತಿನಂತೆ ಊರಲ್ಲಿ ಡಂಗುರ ಸಾರಿದರು. “ಕೇಳ್ರಪ್ಪೋ ಕೇಳ್ರಿ! ಯಾರೂ ನೆಲ ಉಳಬಾರದು, ಬೀಜ ಬಿತ್ತಬಾರದು! ಮನೆಮನೆಯ ನೇಗಿಲಿನ ಕುಳ ಅರಮನೆಗೆ ಒಪ್ಪಿಸಬೇಕು!”

ಭಟರು ಬಂದು ಎಲ್ಲರ ನೇಗಿಲಿನಿಂದ ಕಬ್ಬಿಣದ ಕುಳ ಕಿತ್ತು ಗಾಡಿಗೆ ತುಂಬಿದರು. ಬರಮಪ್ಪ ತನ್ನ ಕುಳವನ್ನು ತಾನೇ ಬಿಚ್ಚಿ ಕೊಟ್ಟ. ಕೊಟ್ಟು ಬಂದವನು ಯಾರ ಮುಖವನ್ನೂ ನೋಡದೆ ಕಟ್ಟೆಯ ಮೇಲೆ ಕೂತ.

ಮಲ್ಲವ್ವ ಗಲ್ಲಕ್ಕೆ ಕೈಯೂರಿ ಯೋಚಿಸಿದಳು. “ಅಲ್ಲಾ, ನೆಲಾ ಸೀಳಿದ್ರ ಆ ಬೂದಿಗಣ್ಣಗ ಯಾಕ ಅಂಜಿಕಿ? ವರ್ಷದ ಗಂಟು ಅಲ್ಲೇ ಐತಿ ಕಾಣ್ತದ. ಒಂದು ಸಾಲು ತೆರೆದು ಬೀಜ ಕೂತ್ರ ಗಂಟು ಬಿಚ್ಚಿಕೊಳ್ತದೇನೋ!”

“ಹಂಗಾದ್ರ ತೆರೀತೀನಿ” ಎಂದಳು ದ್ಯಾಮಿ.

“ತಲೀ ತಗೀತಾರ, ಮಗಳ” ಎಂದ ಬರಮಪ್ಪ.

“ಹೊಲಾ ನಮ್ದು, ಕಾಲ ಎಲ್ಲಾರ್ದು. ಎರಡನ್ನೂ ಬಿಡೂದಿಲ್ಲ ನಾ” ಎಂದಳು ದ್ಯಾಮಿ.

ಕುಳ ಹೋದರೂ ಗುದ್ದಲಿ ಉಳಿದಿತ್ತು. ದ್ಯಾಮಿ ಅದನ್ನು ಹೆಗಲಿಗೇರಿಸಿ, ಹಾಡಹಗಲಲ್ಲಿ, ನಾಲ್ಕು ಜನ ನೋಡುವಂತೆ ಹೊಲಕ್ಕೆ ನಡೆದಳು. ಜೊಳ್ಳು ದಂಟು ಕಿತ್ತೆಸೆದು ಮಾರುದ್ದ ನೆಲ ಅಗೆದಳು. ಅಜ್ಜಿ ಸೋರೆ ಬುರುಡೆಯಲ್ಲಿ ಬೂದಿ ಕಲಸಿ ಕಾಪಿಟ್ಟಿದ್ದ ಸಜ್ಜೆಯ ಬೀಜದಲ್ಲಿ ಒಂದು ಹಿಡಿ ತಂದು ಚೆಲ್ಲಿದಳು.

ಮಣ್ಣು ಮುಚ್ಚುವ ಮೊದಲೇ ಆಕಾಶ ಕಪ್ಪಾಯಿತು. ಹಿತ್ತಾಳೆಯ ಕೊಕ್ಕಿನ ಹಕ್ಕಿಗಳು ಹಿಂಡುಹಿಂಡಾಗಿ ಇಳಿದವು. ಒಂದು ಕಾಳನ್ನೂ ಬಿಡದೆ ಹೆಕ್ಕಿದವು. ತಡೆಯಹೋದ ದ್ಯಾಮಿಯ ಮುಂಗೈಯನ್ನು ರಕ್ತ ಬರುವಂತೆ ಕುಕ್ಕಿ ಹಾರಿಹೋದವು.

ಬೇಲಿಯಾಚೆ ನಿಂತಿದ್ದ ಊರವರು ತಲೆತಗ್ಗಿಸಿದರು. “ಸಾಕು ಬಾರವ್ವ, ದೊಡ್ಡವರ ಕೂಡ ನಮಗ್ಯಾಕ ಜಗಳ?” ಎಂದ ಒಬ್ಬ ಮುದುಕ.

ದ್ಯಾಮಿ ಸೆರಗು ಹರಿದು ಗಾಯಕ್ಕೆ ಕಟ್ಟಿಕೊಂಡಳು. “ಕಾಕಾ, ಜಗಳ ಹುಡುಕಿಕೊಂಡು ಬಂದವ ಅವ. ಹೊಲಾ ನಮ್ದು, ಕಾಲ ಎಲ್ಲಾರ್ದು. ಎರಡನ್ನೂ ಬಿಡೂದಿಲ್ಲ ನಾ.”

ಮರುದಿನ ಅವಳು ಮತ್ತೆ ಗುದ್ದಲಿ ಎತ್ತಿದಳು. ಈ ಸಲ ಹಕ್ಕಿಗಳು ಬರಲಿಲ್ಲ. ಬೂದಿಗಣ್ಣನೇ ಬಂದ. ಬಿಳಿ ಧೋತರ ಉಟ್ಟು, ಹೆಣ್ಣು ಕೊಟ್ಟ ಮನೆಗೆ ಬಂದ ಬೀಗನಂತೆ ನಗುತ್ತ ಅಂಗಳದಲ್ಲಿ ನಿಂತ.

“ತಂಗಿ, ನಿನ್ನ ಧೈರ್ಯ ಮೆಚ್ಚಿದೆ. ಗುದ್ದಲಿ ಕೆಳಗಿಡು. ನಿನ್ನ ಮನೆಯೊಂದನ್ನು ನನ್ನ ಕಟ್ಟಿನಿಂದ ಬಿಡಿಸುತ್ತೇನೆ. ನಿನ್ನ ಅತ್ತಿಗೆ ಈ ಗಳಿಗೆಯಲ್ಲೇ ಹೆರುತ್ತಾಳೆ. ಇಷ್ಟು ದಿನದ ನೋವು ಸಾಕಲ್ಲವೇ?”

ದ್ಯಾಮಿಯ ಕೈ ಸಡಿಲವಾಯಿತು. ನೋವು ತನ್ನದಾಗಿದ್ದರೆ ಉತ್ತರ ಕೊಡುತ್ತಿದ್ದಳು. ಅದು ಸಾವಂತ್ರಿಯ ನೋವು. ಅವಳು ಬಾಗಿಲತ್ತ ತಿರುಗಿ, “ವೈನಿ, ನೀ ಹೇಳಿದಂಗ ಆಗ್ಲಿ” ಎಂದಳು.

ಸಾವಂತ್ರಿ ಚೌಕಟ್ಟು ಹಿಡಿದು ಹೊರಗೆ ಬಂದಳು. ಅವಳ ಕಣ್ಣ ಸುತ್ತ ಕಪ್ಪಾಗಿತ್ತು. ಕಲ್ಲಪ್ಪ ಓಡಿಬಂದು ಅವಳ ತೋಳು ಹಿಡಿದ. ಹೂಂ ಅನ್ನು ಎಂದು ಅವನ ಕಣ್ಣುಗಳು ಬೇಡುತ್ತಿದ್ದವು.

ಸಾವಂತ್ರಿ ಓಣಿಯ ಕಡೆ ನೋಡಿದಳು. ಆಮೇಲೆ ಕೇಳಿದಳು. “ನಮ್ಮ ಓಣಿಯಾಗ ಇನ್ನೂ ಇಬ್ರು ಬಸುರೇರು ಅದಾರ. ಅವರು?”

“ಅವರ ಚಿಂತೆ ನಿನಗೇಕೆ?”

“ನನ್ನ ಕೂಸು ಅಂಗಳದಾಗ ಒಂದ ಆಡ್ತದೇನು? ಅದಕ್ಕ ಜೊತೀ ಹುಡುಗರು ಬ್ಯಾಡಾ? ಬರೀ ಜೊಳ್ಳು ತಿನ್ನೂ ಊರಾಗ ನಾ ಹಡೆಯಂಗಿಲ್ಲ. ನಡಿ ಇಲ್ಲಿಂದ.”

ಮಾಂತ್ರಿಕನ ನಗು ಮುಖದಿಂದ ಕಳಚಿಬಿತ್ತು. “ಹಾಗಾದರೆ ಈ ಹೊಟ್ಟೆ ಹೊತ್ತುಕೊಂಡೇ ಇರು, ಯುಗಯುಗ!” ಎಂದು ಕಿರುಚಿ ಗಾಳಿಯಾಗಿ ಹೋದ.

ಸಾವಂತ್ರಿ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ನೀಲವ್ವ ಸೊಸೆಯ ತಲೆಯನ್ನು ಎದೆಗೊತ್ತಿಕೊಂಡು ತಾನೂ ಅತ್ತಳು. ಈ ಮಾತು ಓಣಿಯಿಂದ ಓಣಿಗೆ ಹೋಯಿತು. ಉಳಿದಿಬ್ಬರು ಬಸುರಿಯರ ಮನೆಯವರು ಬಂದು ಬರಮಪ್ಪನ ಅಂಗಳದಲ್ಲಿ ಕೂತರು. ಆಮೇಲೆ ಮತ್ತಷ್ಟು ಜನ ಬಂದರು. ನಿನ್ನೆ ಸಾಕು ಬಾ ಅಂದಿದ್ದ ಮುದುಕನೂ ಕವಣೆ ಹಿಡಿದುಕೊಂಡು ಬಂದ. “ನಾಳೆ ಆ ಹಕ್ಕಿ ಬಂದ್ರ ನನ್ನ ಪಾಲಿಗೆ ಬಿಡವ್ವ” ಎಂದ.

ಗೋಪುರದಲ್ಲಿ ಬೂದಿಗಣ್ಣ ಹಲ್ಲು ಕಡಿಯುತ್ತಿದ್ದ. ರಾಜ್ಯದ ನೇಗಿಲುಗಳಿಂದ ಕಿತ್ತು ತಂದ ಕುಳಗಳನ್ನೆಲ್ಲ ರಾಶಿ ಹಾಕಿಸಿದ. ಮಂತ್ರ ಹೇಳಿ ಉಗುಳಿದ. ರಾಶಿ ಅಲುಗಾಡಿತು, ಎದ್ದು ನಿಂತಿತು, ಕಬ್ಬಿಣದ ಹೋರಿಯಾಯಿತು. ಕೊಂಬು ಕುಳ, ಪಕ್ಕೆಲುಬು ಕುಳ, ಗೊರಸೂ ಕುಳ. ಮೂಗಿನಿಂದ ಬೆಂಕಿ.

“ಹೋಗು, ಆ ಹುಡುಗಿಯನ್ನು ಮಣ್ಣುಪಾಲು ಮಾಡು!”

ಮರುದಿನ ದ್ಯಾಮಿ ಅಣ್ಣನ ಜೊತೆ ಹೊಲದಲ್ಲಿದ್ದಾಗ ಅದು ಬಂತು. ಸಾವಿರ ಕುಳ ಒಟ್ಟಿಗೆ ಕುಟ್ಟಿದ ಸದ್ದು. ಅವಳು ಎಸೆದ ಗುದ್ದಲಿ ಅದರ ಹಣೆಗೆ ಬಡಿದು ಎರಡು ತುಂಡಾಯಿತು. ದ್ಯಾಮಿಗೆ ಹೆದರಿಕೆಯಾಯಿತು. ಓಡಿದಳು. ಜೋಳದ ದಂಟುಗಳ ನಡುವೆ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಹೋರಿ ಅವಳ ಪಕ್ಕದಲ್ಲೇ ನುಗ್ಗಿ ಮುಂದೆ ಹೋಯಿತು. ಅವಳ ಮುಖದ ಮೇಲೆ ಏನೋ ತಣ್ಣಗೆ ಬಿತ್ತು.

ಒರೆಸಿಕೊಂಡು ನೋಡಿದಳು. ಹಸಿ ಮಣ್ಣು.

ತಿರುಗಿ ನೋಡಿದಳು. ಹೋರಿ ಓಡಿದ ದಾರಿಯುದ್ದಕ್ಕೂ ಅದರ ಗೊರಸಿನ ಕುಳಗಳು ನೆಲ ಸೀಳಿದ್ದವು. ಹೊಲದಲ್ಲಿ ಆಳವಾದ ಸಾಲು ತೆರೆದಿತ್ತು, ಎಂಥ ನೇಗಿಲೂ ತೆರೆಯದಷ್ಟು ಆಳ.

ಬಿದ್ದಲ್ಲೇ ದ್ಯಾಮಿಗೆ ನಗು ಬಂತು. “ಅಣ್ಣಾ! ನಿನ್ನ ಕೆಂಪು ರುಮಾಲು ಎಸೀ!”

ಕಲ್ಲಪ್ಪ ತಲೆಯ ರುಮಾಲು ಬಿಚ್ಚಿ ಎಸೆದ. ದ್ಯಾಮಿ ಅದನ್ನು ಗಾಳಿಗೆ ಹಿಡಿದು ಹೋರಿಯ ಎದುರು ನಿಂತಳು. “ಬಾರಲೇ! ಬೂದಿಗಣ್ಣ ನಿನ್ನ ಕಾದಾಡಾಕ ಕಳಿಸ್ಯಾನ. ನಾ ನಿನ್ನ ಹೊಲಾ ಉಳಾಕ ಹಚ್ಚತೀನಿ!”

ಹೋರಿ ನುಗ್ಗಿತು. ದ್ಯಾಮಿ ಬದುವಿನವರೆಗೆ ನೆಟ್ಟಗೆ ಓಡಿ ಪಕ್ಕಕ್ಕೆ ಸರಿದಳು. ಒಂದು ಸಾಲು. ಮತ್ತೆ ರುಮಾಲು ಬೀಸಿ ಈಚೆಗೆ ಓಡಿದಳು. ಇನ್ನೊಂದು ಸಾಲು. ಅವಳಿಗೆ ಉಸಿರು ಕಟ್ಟಿದಾಗ ಕಲ್ಲಪ್ಪ ರುಮಾಲು ಕಸಿದುಕೊಂಡು ಓಡಿದ. ಹೊಲದಂಚಿನ ಕಟ್ಟೆಯ ಮೇಲೆ ಕೂತಿದ್ದ ಬರಮಪ್ಪ ಇದನ್ನು ನೋಡಿ ಧೋತರದ ಕಚ್ಚೆ ಬಿಗಿದು ಹೊಲಕ್ಕೆ ಧುಮುಕಿದ. “ತಾ ಇಲ್ಲಿ! ಸಾಲು ಹೊಡಿಯೂದು ನಿಮಗ ಕಲಿಸಿದಾವ ನಾನು!” ಎಂದು ರುಮಾಲು ಹಿಡಿದ.

ಮಲ್ಲವ್ವ ಬುರುಡೆಯಲ್ಲಿ ಉಳಿದಿದ್ದ ಬೀಜ ಉಡಿಯಲ್ಲಿ ಕಟ್ಟಿಕೊಂಡು ಸಾಲಿಗಿಳಿದಳು. ದ್ಯಾಮಿ ಅಡ್ಡ ಬಂದು ಮುದುಕಿಯ ಕೈಹಿಡಿದಳು. “ಅಜ್ಜಿ, ವರ್ಷ ನಿಂತದ್ದಕ್ಕ ನಿನ್ನ ಉಸಿರೂ ಉಳಿದೈತಿ. ಅದು ತಿರುಗಿದ್ರ...”

“ಗೊತ್ತೈತಿ, ಕೂಸ. ಈ ಸುಗ್ಗಿ ಮುಗಿಯೂದ್ರಾಗ ಹೋಗಬೇಕಾದಾಕಿ ನಾನು. ಅದಕ್ಕಂತ ಕೂಸುಗಳು ಬೆಳೆಯೂದು ಬ್ಯಾಡೇನು? ಕೈ ಬಿಡು, ಬಿತ್ತೂ ಕೆಲಸ ಐತಿ.”

ಅಜ್ಜಿ ಬೀಜ ಚೆಲ್ಲುತ್ತ ನಡೆದಳು. ನೀಲವ್ವ ಕಾಲಿನಿಂದ ಮಣ್ಣು ಮುಚ್ಚುತ್ತ ಹಿಂದೆ ನಡೆದಳು. ಹಿತ್ತಾಳೆಯ ಹಕ್ಕಿಗಳು ಮತ್ತೆ ಇಳಿದವು. ಆದರೆ ಈ ಸಲ ಹೊಲದ ನಾಲ್ಕೂ ಬದುವಿನ ಮೇಲೆ ಊರು ನಿಂತಿತ್ತು. ಹೆಂಗಸರು ತಾಟು ಬಡಿದರು, ಗಂಡಸರು ಕವಣೆ ಬೀಸಿದರು, ಮುದುಕ ಹಕ್ಕಿಯೊಂದರ ಕೊಕ್ಕಿಗೆ ಗುರಿಯಿಟ್ಟು ಠಣ್ಣನೆ ಹೊಡೆದ. ಹಕ್ಕಿಗಳು ಒಂದು ಕಾಳನ್ನೂ ಮುಟ್ಟಲಾಗದೆ ಚದರಿಹೋದವು.

ಮೊದಲ ಬೀಜ ಹಸಿ ಮಣ್ಣಿನಲ್ಲಿ ಕೂತಿತು. ಆಗ ಕಬ್ಬಿಣಕ್ಕೆ ತನ್ನ ಕೆಲಸ ನೆನಪಾಯಿತು. ಹೋರಿ ಓಟ ನಿಲ್ಲಿಸಿತು, ಮೂಗಿನ ಬೆಂಕಿ ಆರಿತು. ಅದು ನಿಧಾನವಾಗಿ ಮೊಣಕಾಲೂರಿ ಕುಳಗಳ ರಾಶಿಯಾಗಿ ಸುರಿಯಿತು.

ಗೋಪುರದಲ್ಲಿ ಬೂದಿಗಣ್ಣನ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಅವನು ನುಂಗಿದ ನಾಳೆಗಳು ಒಂದೊಂದಾಗಿ ಬಾಯಿಂದ ಹಾರಿಹೋದವು. ಹೋದ ಹಾಗೆಲ್ಲ ಅವನ ಕೆನ್ನೆ ಒಳಸೇರಿತು, ಬೆನ್ನು ಬಾಗಿತು, ಕೈಕಾಲು ಕಡ್ಡಿಯಾದವು. ಕೊನೆಗೆ ಒಂದು ಹಿಡಿ ಹೊಟ್ಟು ಉಳಿಯಿತು. ಗಾಳಿ ಅದನ್ನೂ ತೂರಿತು.

ಕಟ್ಟಿಹಾಕಿದ್ದ ವರ್ಷ ಬಿಟ್ಟ ಬಾಣದಂತೆ ಹೊರಟಿತು. ಬೇಸಗೆಯೆಲ್ಲ ಒಂದೇ ಮಧ್ಯಾಹ್ನದಲ್ಲಿ ದಾಟಿಹೋಯಿತು. ಬೇವು ಹೂಬಿಟ್ಟು, ಕಾಯಿ ಕಟ್ಟಿ, ಹಣ್ಣುದುರಿಸಿತು. ಸಂಜೆಗೆ ಮೂಡಲಿಂದ ಮೋಡ ಎದ್ದು ದಪ್ಪ ದಪ್ಪ ಹನಿ ಬಿತ್ತು. ಸಾವಂತ್ರಿ, “ಅತ್ತೀ!” ಎಂದು ಕೂಗಿದಳು. ನೀಲವ್ವ ಮಣ್ಣುಗಾಲಲ್ಲೇ ಮನೆಗೆ ಓಡಿದಳು. ಆ ರಾತ್ರಿ ಓಣಿಯ ಮೂರು ಮನೆಗಳಲ್ಲಿ ಕೂಸುಗಳು ಅತ್ತವು. ಸಾವಂತ್ರಿಗೆ ಹೆಣ್ಣು ಕೂಸು. ಬೆಳಗಾಗುವಷ್ಟರಲ್ಲಿ ಆಕಳೂ ಕರು ಹಾಕಿತು, ಊರಿಗೆಲ್ಲ ಗಿಣ್ಣ ಹಂಚಿದರು.

ಮಲ್ಲವ್ವ ಆ ಮಳೆಗಾಲ ಇದ್ದಳು. ಮರಿಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನೀರೆರೆದಳು, ಹೊಸ ಸಜ್ಜೆಯ ರೊಟ್ಟಿ ತಿಂದಳು. ಆಮೇಲೆ ಒಂದು ಮುಂಜಾನೆ ನಿದ್ದೆಯಲ್ಲೇ ಹೋದಳು. ಮನೆಯವರು ಅತ್ತರು, ಊರಿಗೆಲ್ಲ ಊಟ ಹಾಕಿದರು.

ಅದಕ್ಕೂ ಮುಂಚೆ, ಬಿತ್ತಿದ ಮೊಳಕೆ ಕಾಣುವ ಹೊತ್ತಿಗೆ, ಬಿಜ್ಜರಸ ಹೊಲಕ್ಕೆ ಬಂದಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಕಿರೀಟ ಕೈಯಲ್ಲಿತ್ತು.

“ನಾನು ಹೆದರಿದ್ದೆ, ತಾಯಿ” ಎಂದ ದ್ಯಾಮಿಗೆ. “ಏನು ಬೇಕು ಕೇಳು.”

ದ್ಯಾಮಿ ತಲೆ ಬಾಗಿಸಲಿಲ್ಲ. “ನಾವೂ ಹೆದರ್ತೀವ್ರಿ, ಮಹಾರಾಜರ. ಹೆದರಿಕೊಂಡೇ ಬಿತ್ತತೀವಿ. ನಿಮ್ಮ ಭಯಕ್ಕ ನಮ್ಮ ಕೂಸುಗಳನ್ನ ಹೊಟ್ಟಿಯೊಳಗ ಕಟ್ಟಿಹಾಕಿದ್ರಿ. ನನಗೇನೂ ಬ್ಯಾಡ. ಈ ಕುಳಾ ಹೊತ್ತು ಮನಿಮನಿಗೆ ಒಪ್ಪಿಸಿ ಬರ್ರಿ. ಗಾಡಿಯಾಗ ಅಲ್ಲ, ನಿಮ್ಮ ಹೆಗಲ ಮ್ಯಾಲೆ.”

ಭಟರು ಕತ್ತಿಗೆ ಕೈಹಾಕಿದರು. ಅರಸ ಅವರನ್ನು ತಡೆದ. ಬಗ್ಗಿ ಮೊದಲ ಕುಳ ಎತ್ತಿ ಹೆಗಲಿಗಿಟ್ಟುಕೊಂಡ. ಹಳ್ಳಿಹಳ್ಳಿ ತಿರುಗಿ, ಬಾಗಿಲು ಬಾಗಿಲಿಗೆ ನಿಂತು ಒಪ್ಪಿಸಿದ. ಕೆಲವರು ನೀರು ಕೊಟ್ಟರು, ಕೆಲವರು ಬೈದರು. ಎರಡನ್ನೂ ತೆಗೆದುಕೊಂಡ.

ಕಟ್ಟಕಡೆಗೆ, ಸಜ್ಜೆ ಕೊಯ್ದು ಹೊಲ ಖಾಲಿಯಾದ ಮೇಲೆ, ಬರಮಪ್ಪನ ಮನೆಗೆ ಬಂದವನು, “ನನಗೂ ಒಂದು ಸಾಲು ಹೊಡೆಯಲು ಬಿಡಿ” ಎಂದು ಕೇಳಿದ. ಬರಮಪ್ಪ ನೇಗಿಲು ಕೊಟ್ಟ. ಅರಸ ಬೆವರು ಸುರಿಸಿ ಈ ಬದುವಿನಿಂದ ಆ ಬದುವಿಗೆ ಉತ್ತು, ಹೊಗಳಿಕೆ ಕಾಯುತ್ತ ನಿಂತ.

ಬುತ್ತಿ ತಂದಿದ್ದ ನೀಲವ್ವ ಗಂಟು ಕೆಳಗಿಟ್ಟು ಸಾಲನ್ನು ದಿಟ್ಟಿಸಿ ನೋಡಿದಳು. “ಅರಸರಾದ್ರೇನಾತ್ರಿ, ಸಾಲು ಪೂರಾ ಡೊಂಕ ಐತಿ. ಇನ್ನೊಮ್ಮೆ ಹೊಡೀರಿ. ರೊಟ್ಟಿ ಆಮ್ಯಾಲೆ.”

ಬಿಜ್ಜರಸ ಎತ್ತು ತಿರುಗಿಸಿದ. ಅಂದಿನಿಂದ ಏಳುಮರಡಿಯಲ್ಲಿ ಮಳೆ ಮಳೆಯಾಗಿ ಬಂತು, ಬಿಸಿಲು ಬಿಸಿಲಾಗಿ ಬಂತು, ಹುಟ್ಟುವವರು ಹುಟ್ಟಿದರು, ಹೋಗುವವರು ಹೋದರು, ಇದ್ದವರೆಲ್ಲ ಗಟ್ಟಿ ಕಾಳು ಉಂಡು ನಕ್ಕು ಬಾಳಿದರು.