ಬೆರಳಿಗೆ ತಿಳಿಯದ ಕಾಲು

ಮುದುಕ ಮೆಕ್ಯಾನಿಕ್ ಕುರ್ಚಿಯ ತುದಿಯಲ್ಲಿ ಕೂತು ಹತ್ತೂ ಬೆರಳುಗಳನ್ನು ಪತ್ತೇದಾರರ ಮುಂದೆ ಚಾಚಿದರು.

"ನಲವತ್ತು ವರ್ಷ ಆಸ್ಪತ್ರೆ ಯಂತ್ರ ರಿಪೇರಿ ಮಾಡಿದ ಕೈ ಸ್ವಾಮಿ. ಮೊನ್ನೆ ನಾನು ಸರಿಮಾಡಿ ಕೊಟ್ಟ ಉಸಿರಾಟದ ಯಂತ್ರ ವಾರ್ಡಲ್ಲೇ ನಿಂತುಹೋಯ್ತು. ನರ್ಸಮ್ಮ ಕೈಯಲ್ಲೇ ಗಾಳಿ ಒತ್ತಿ ಮಗೂನ ಉಳಿಸಿದ್ರು. ನಿನ್ನ ಕೈ ಕೆಟ್ಟಿದೆ, ನಾಳೆಯಿಂದ ಬರಬೇಡ ಅಂದಿದಾರೆ ನಮ್ಮ ರಿಪೇರಿ ಕಂಪನಿ ಮಾಲಿಕರು. ಕೆಟ್ಟಿರೋದು ಯಂತ್ರದೊಳಗೆ ಹಾಕೋ ಪುಟ್ಟ ಬಿಡಿಭಾಗ, ಆ ಹೊಸ ಕೆಪಾಸಿಟರ್‌ಗಳು! ಮೂರು ತಿಂಗಳಲ್ಲಿ ಇಪ್ಪತ್ತು ಹಾಕಿದೆ, ಆರು ಸುಟ್ಟುಹೋದವು."

ಪಕ್ಕದಲ್ಲಿ ಕೂತಿದ್ದವನು ಪತ್ತೇದಾರರ ಹೆಂಡತಿಯ ತಮ್ಮ. ಭಾವನ ಬಾಲದಂತೆ ಎಲ್ಲ ಕಡೆ ಹೋಗುವ ಈ ಭಾವಮೈದ ಅನುಮಾನದ ಪಿಶಾಚಿ, ಹಾಲಿನವನನ್ನೂ ಬಿಟ್ಟವನಲ್ಲ.

"ನೀವೇ ತಿರುಗಾಮುರುಗಾ ಕೂರಿಸಿರಬಹುದಲ್ಲ?" ಎಂದು ಕೇಳಿಯೇಬಿಟ್ಟ.

ಮೆಕ್ಯಾನಿಕ್ ಮುಖ ಸಪ್ಪಗಾಯಿತು. "ಯಾರಿಗೂ ಹೇಳಿಲ್ಲ. ಹೊಸ ಕೆಪಾಸಿಟರ್‌ಗೆ ಎರಡು ಕಾಲು, ಉದ್ದದ್ದು ಪ್ಲಸ್ಸು. ಮೊದಲು ಬೆರಳಿಗೇ ತಿಳೀತಿತ್ತು. ಮೂರು ತಿಂಗಳಿಂದ ತಿಳೀತಾನೇ ಇಲ್ಲ. ಕಣ್ಣೂ ಮಂಜು, ಕನ್ನಡಕ ಹಾಕಿ ಅದರ ಮೈಮೇಲಿನ ಮೈನಸ್ ಪಟ್ಟಿ ಮಾತ್ರ ನೋಡಿ ಕೂರಿಸ್ತೀನಿ."

'ಸಿಕ್ಕಿಬಿದ್ದ!' ಅಂದುಕೊಂಡ ಭಾವಮೈದ. ಪತ್ತೇದಾರರು ಮಾತ್ರ ಎದ್ದು ಚಪ್ಪಲಿ ಮೆಟ್ಟಿದರು.

ರಿಪೇರಿ ಕಂಪನಿಯ ಲ್ಯಾಬ್ ಮೇಡಂ ಕಾಗದದ ಕಟ್ಟನ್ನೇ ಮುಂದಿಟ್ಟರು. "ಐನೂರು ಕೆಪಾಸಿಟರನ್ನ ಸಾವಿರ ಗಂಟೆ ಬಿಸಿಯಲ್ಲಿಟ್ಟು ನೋಡಿದೀನಿ. ಕೆಟ್ಟಿದ್ದು ಒಂದೇ ಒಂದು. ಅವರ ಮೇಜಿಗೆ ಬರೋದೇ ಕೆಟ್ಟ ಯಂತ್ರ, ಹಾಗಾಗಿ ಅವರಿಗೆ ಎಲ್ಲ ಕೆಟ್ಟದ್ದೇ ಕಾಣುತ್ತೆ."

"ಪರೀಕ್ಷೆಗೆ ಮಾಲು ಎಲ್ಲಿಂದ ತಗೋತೀರಿ?"

"ಲಾರಿಯಿಂದ ಇಳಿದ ಪೆಟ್ಟಿಗೆಯಿಂದ, ನಾನೇ."

ಅಷ್ಟು ಖಡಾಖಂಡಿತವಾಗಿ ಮಾತಾಡುವ ಹೆಂಗಸು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಭಾವಮೈದನಿಗೆ ಖಾತ್ರಿಯಾಯಿತು. ಅಲ್ಲಿ ಅವನಿಗೆ ಹಿಡಿಸಿದವನು ಸ್ಟೋರ್ ಕೀಪರ್ ಒಬ್ಬನೇ. ಪಾಪ, ಕುರ್ಚಿ ಕೊಟ್ಟು, ನೀರು ಕೊಟ್ಟು ಉಪಚರಿಸಿದ. ಅವನ ಮೇಜಿನ ಅಂಚಿನಲ್ಲಿ ಸಾಲಾಗಿ ಸುಟ್ಟ ಕಲೆಗಳಿದ್ದವು. ಕದ್ದು ಸಿಗರೇಟು ಸೇದುತ್ತಾನೆ, ಹೋಗಲಿ ಬಿಡು ಎಂದು ಭಾವಮೈದ ಉದಾರಿಯಾದ.

ಸಂಜೆ ಎಲ್ಲರನ್ನೂ ಮೆಕ್ಯಾನಿಕ್ ಮೇಜಿನ ಸುತ್ತ ಸೇರಿಸಿ ಪತ್ತೇದಾರರು ಮಾತು ತೆಗೆದರು.

"ಮೇಡಂ ಲೆಕ್ಕ ಸುಳ್ಳಲ್ಲ. ನಮ್ಮ ಮೆಕ್ಯಾನಿಕ್ ಯಜಮಾನ್ರ ಅನುಭವಾನೂ ಸುಳ್ಳಲ್ಲ, ಕೆಟ್ಟದ್ದನ್ನಷ್ಟೇ ಅಲ್ಲ, ತಾವು ಹಾಕಿದ ಇಪ್ಪತ್ತನ್ನೂ ಎಣಿಸಿದಾರೆ. ಐನೂರಕ್ಕೆ ಒಂದು, ಇಪ್ಪತ್ತಕ್ಕೆ ಆರು. ಎರಡೂ ನಿಜ ಆಗಬೇಕಾದ್ರೆ ಇಬ್ಬರೂ ನೋಡಿದ್ದು ಬೇರೆಬೇರೆ ಮಾಲು. ಮೇಡಂ ತಗೊಂಡಿದ್ದು ಲಾರಿ ಪೆಟ್ಟಿಗೆಯಿಂದ. ಯಜಮಾನ್ರೇ, ನೀವು?"

"ಸ್ಟೋರಿನ ಕಿಟಕಿಯಿಂದ."

"ಕಣ್ಣು ಮುಚ್ಚಿ." ಸ್ಟೋರಿನ ಕೆಪಾಸಿಟರೊಂದನ್ನು ಮುದುಕರ ಅಂಗೈಗೆ ಹಾಕಿದರು. ಬೆರಳು ತಡವರಿಸಿತು.

"ತಿಳೀತಿಲ್ಲ ಸ್ವಾಮಿ."

"ತಿಳಿಯೋಕೆ ಇದ್ದರೆ ತಾನೆ? ಮೇಡಂ, ನೋಡಿ."

ಮೇಡಂ ದೀಪದಡಿ ಹಿಡಿದರು. "ಎರಡೂ ಕಾಲು ಸಮ... ತುದೀಲಿ ಹಳೆ ಬೆಸುಗೆ! ಇದು ಹಿಂದೆ ಕಾಲು ಕತ್ತರಿಸಿ ಕೂರಿಸಿದ್ದು, ಕೆಟ್ಟ ಬೋರ್ಡಿನಿಂದ ಕಿತ್ತದ್ದು."

"ಬೆಸುಗೆ ಕೆಲಸಾನೇ ಇಲ್ಲದ ಸ್ಟೋರಿನ ಮೇಜಲ್ಲಿ ಕಾದ ಕಡ್ಡಿಯ ಕಲೆ ಯಾಕೆ? ಹೊಸ ಮಾಲು ಹೊರಗೆ ಮಾರಾಟ, ಹಳೇದು ಯಜಮಾನ್ರಿಗೆ."

ಸ್ಟೋರ್ ಕೀಪರ್ ಬೆವತ. "ಅಂಥದ್ದನ್ನೇ ನಮ್ಮನೆ ರೇಡಿಯೋಗೂ ಹಾಕಿದೀನಿ ಸಾರ್, ಇನ್ನೂ ಹಾಡ್ತಿದೆ!"

"ಒಂದು ರೇಡಿಯೋ ನಂಬಿ ಮಗೂನ ಪಣಕ್ಕಿಟ್ಟೆಯಾ?" ಮೇಡಂ ಗದರಿದರು. ಮೆಕ್ಯಾನಿಕ್ ಕಡೆ ತಿರುಗಿ, "ನಾಳೆ ಕೆಲಸಕ್ಕೆ ಬನ್ನಿ. ಮಾಲಿಕರ ಹತ್ರ ನಾನೇ ಮಾತಾಡ್ತೀನಿ," ಎಂದರು.

ಮೆಕ್ಯಾನಿಕ್ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಪತ್ತೇದಾರರು ಲಾರಿ ಪೆಟ್ಟಿಗೆಯದೊಂದನ್ನು ಆ ಅಂಗೈಗೆ ಹಾಕಿದರು.

"ಇದು ಉದ್ದ," ಎಂದರು ಮುದುಕರು ತಕ್ಷಣ. "ಇನ್ನೊಂದು ಕೊಡಿ."

ಅದೂ ತಿಳಿಯಿತು.

"ಇನ್ನೊಂದು."

ಭಾವಮೈದ ನಾಚಿಕೆಯಿಂದ ತಲೆ ತಗ್ಗಿಸಿ, ಪೆಟ್ಟಿಗೆಯೊಳಗೆ ಕೈಹಾಕಿ ಒಂದೊಂದೇ ಕೊಡುತ್ತಾ ಹೋದ.