ನಾಲ್ಕನೆಯ ಆಫರ್

ಲಿಫ್ಟಿನ ಬಾಗಿಲು ತೆರೆಯಿತು. ಇಳಿದು ಬಂದವನನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಆದರೂ ಸೋಫಾದ ತುದಿಗೆ ಸರಿದು ಕೂತಳು.

ಇವನೇ ಇರಬಹುದಾ?

ಇಸ್ತ್ರಿ ಕಾಣದ ಅಂಗಿ, ಹೆಗಲಿಗೊಂದು ಚೀಲ. ಅವನು ರಿಸೆಪ್ಷನ್ ಹುಡುಗಿಯನ್ನು ಏನೋ ಕೇಳಿದ. ಆ ದನಿ ಕಿವಿಗೆ ಬಿದ್ದದ್ದೇ ತಡ, ಅವಳು ಸೋಫಾದಿಂದ ಎದ್ದು ನಿಂತಳು. ಎಷ್ಟೋ ತಿಂಗಳಿಂದ ಹೆಡ್‌ಫೋನಿನಲ್ಲಿ ಕೇಳಿದ ದನಿ ಅದು.

"ಬಂದ್ರಾ ಸಾಹೇಬ್ರು?" ಎಂದಳು. "ಇವತ್ತಾದ್ರೂ ಸಹಿ ಹಾಕ್ತೀರೋ, ಇಲ್ಲ ಈ ಸಲಾನೂ ಕೈ ಕೊಡ್ತೀರೋ?"

ಅವನು ತಿರುಗಿದ. ಮುಖ ಅರಳಿತು.

"ನೀವು... ನೀವೇನಾ? ನೀವು ಬರ್ತೀರಿ ಅಂತ ಗೊತ್ತಿರಲಿಲ್ಲ."

"ಕಾವಲಿಗೆ ಬಂದಿದ್ದೀನಿ."

ಇಷ್ಟಕ್ಕೇ ಅವಳನ್ನು ಜಗಳಗಂಟಿ ಎಂದುಕೊಂಡುಬಿಡಬೇಡಿ. ಪಾಪ, ಅವಳ ಸಂಕಟ ಅವಳಿಗೇ ಗೊತ್ತು.

ಕಂಪನಿಗಳಿಗೆ ಸಾಫ್ಟ್‌ವೇರ್ ಜನರನ್ನು ಹುಡುಕಿಕೊಡುವ ಏಜೆನ್ಸಿಯಲ್ಲಿ ಅವಳ ಕೆಲಸ. ಬೆಳಿಗ್ಗೆ ಕೂತರೆ ಸಂಜೆಯವರೆಗೂ ಫೋನು. ಅದರಲ್ಲೂ ಅವಳ ಪಾಲಿಗೆ ಬಂದದ್ದು ಬೇರೆ ಯಾರಿಗೂ ಬೇಡವಾದ ಮೂಲೆ: ಬೆರಳೆಣಿಕೆಯ ಜನ ಮಾತ್ರ ಕಲಿತ ಒಂದು ಪ್ರೋಗ್ರಾಮಿಂಗ್ ಭಾಷೆ. ಅದರಲ್ಲಿ ಕೋಡ್ ಬರೆಯಬಲ್ಲವರನ್ನು ದುರ್ಬೀನು ಹಾಕಿ ಹುಡುಕಬೇಕು. ಹಾಗೆ ಹುಡುಕಿದಾಗ ಸಿಕ್ಕವನು ಇವನು. ಯಾವ ಆಫೀಸಿಗೂ ಸೇರದೆ, ಮನೆಯಲ್ಲೇ ಕೂತು ಯಾರದೋ ಹಳೇ ಪ್ರೋಗ್ರಾಂ ರಿಪೇರಿ ಮಾಡಿಕೊಂಡಿದ್ದ. ಏಜೆನ್ಸಿಯವರು ಅವನಿಗಿಟ್ಟ ಹೆಸರು ಒಂಟಿಸಲಗ.

ಮೊದಲ ಫೋನಿನಲ್ಲೇ ಅವಳು ಎಲ್ಲರಿಗೂ ಹೇಳುವಂತೆ ಅವನಿಗೂ ನಿಯಮ ಹೇಳಿದ್ದಳು.

"ನಮ್ಮ ಕಡೆಯಿಂದ ಕೆಲಸಕ್ಕೆ ಸೇರಿದವರಿಗೆ ನಾವು ಮತ್ತೆ ಫೋನ್ ಮಾಡೋ ಹಾಗಿಲ್ಲ. ಮಾಡಿದ್ರೆ, ನಾವೇ ಸೇರಿಸಿ ನಾವೇ ಬೇರೆ ಕಡೆ ಎಳೀತೀವಿ ಅಂತ ಕಂಪನಿಯವರು ಜಗಳಕ್ಕೆ ಬರ್ತಾರೆ. ಯೋಚನೆ ಮಾಡಿ ಒಪ್ಕೊಳ್ಳಿ."

"ಸರಿ," ಎಂದಿದ್ದ.

ಇಂಟರ್‌ವ್ಯೂನಲ್ಲಿ ಲೀಲಾಜಾಲವಾಗಿ ಪಾಸಾದ. ಆಫರ್ ಕೈಗೆ ಬಂತು. ಸಹಿ ಹಾಕಿ ಸೇರಬೇಕಾದ ಹಿಂದಿನ ದಿನ "ಬೇಡ" ಎಂದುಬಿಟ್ಟ. ಎರಡನೆಯ ಕಂಪನಿಗೂ ಅದೇ ಕಥೆ. ಮೂರನೆಯದಕ್ಕೂ ಅದೇ.

ಕೋಪ ಬರಬೇಕಿತ್ತು ಅವಳಿಗೆ. ಆದರೆ ಆ ಭಾಷೆಯ ತಲೆಬುಡ ಗೊತ್ತಿಲ್ಲದ ಅವಳಿಗೆ ಅವನು ತಾಳ್ಮೆಯಿಂದ ಹೇಳಿಕೊಡುತ್ತಿದ್ದ.

"ಇದರಲ್ಲಿ ಒಂದು ಹೆಸರಿಗೆ ಒಂದು ಸಲ ಬೆಲೆ ಕೊಟ್ರೆ, 'ಕ' ಅಂದ್ರೆ ಐದು ಅಂತ, ಮುಗೀತು. ಆಮೇಲೆ ಬದಲಾಯಿಸೋ ಹಾಗಿಲ್ಲ."

ಅದನ್ನು ಕೇಳಿ ಅವಳ ಅಕ್ಕ ನಕ್ಕಿದ್ದಳು. "ಮೊದಲು ನಿಮ್ಮ ಭಾವನಿಗೆ ಆ ಭಾಷೆ ಕಲಿಸ್ಬೇಕು ಕಣೆ. ಗಳಿಗೆಗೊಂದು ಮಾತಾಡ್ತಾರೆ."

ಕೆಲಸದ ಮಾತು ಮುಗಿದರೂ ಅವರ ಫೋನು ಮುಗಿಯುತ್ತಿರಲಿಲ್ಲ. ಅವಳ ಗಂಟಲು ಕಟ್ಟಿದ್ದರೆ, "ಬಿಸಿನೀರು ಕುಡಿದ್ರಾ?" ಎಂದು ಕೇಳುತ್ತಿದ್ದ. ದಿನವೆಲ್ಲ ಊರವರ ಹತ್ತಿರ ಮಾತಾಡುವವಳನ್ನು ಹಾಗೆ ಕೇಳಿದವರು ಇನ್ನೊಬ್ಬರಿಲ್ಲ.

ಸಂಜೆ ಕೋಣೆಗೆ ಬಂದರೆ ಒಂದು ಮಂಚ, ಒಂದು ಕುರ್ಚಿ, ಗೋಡೆಯಾಚೆ ಪಕ್ಕದ ಮನೆಯ ಟಿವಿ ಸದ್ದು. ಒಬ್ಬಳಿಗಾಗಿ ಏನು ಅಡುಗೆ ಎಂದು ಎಷ್ಟೋ ದಿನ ಬ್ರೆಡ್ ತಿಂದು ಮಲಗುತ್ತಿದ್ದಳು. ಆ ಭಾಷೆಗೆ ಜನ ಬೇಕೆಂದು ಯಾವುದಾದರೂ ಕಂಪನಿ ಬರೆದರೆ ಮಾತ್ರ ಮನಸ್ಸು ಕುಣಿಯುತ್ತಿತ್ತು. ಅವನಿಗೆ ಫೋನ್ ಮಾಡಬಹುದು! ಕೆಲಸ ಖಾಲಿ ಇಲ್ಲದೆ ಆಫೀಸಿನ ಫೋನಿನಿಂದ ಮಾಡುವಂತಿರಲಿಲ್ಲ. ಸ್ವಂತ ಫೋನಿನಿಂದ ಮಾಡಲು ನಾಚಿಕೆ ಬಿಡುತ್ತಿರಲಿಲ್ಲ.

ಮೂರನೆಯ ಸಲ ಅವನು ಬೇಡವೆಂದಾಗ ಮ್ಯಾನೇಜರ್ ಮೇಡಂ ಅವಳನ್ನು ಕರೆಸಿದ್ದರು.

"ನಿನ್ನ ಒಂಟಿಸಲಗ ನಮ್ಮನ್ನ ಆಟ ಆಡಿಸ್ತಿದ್ದಾನೆ. ನಮ್ಮ ಆಫರ್ ತೋರಿಸಿ ಬೇರೆ ಕಡೆ ಸಂಬಳ ಏರಿಸ್ಕೋತಿರ್ತಾನೆ. ಇನ್ನೊಂದು ಸಲ ಹೀಗಾದ್ರೆ ನೀನೂ ಬೇರೆ ಕೆಲಸ ನೋಡ್ಕೋ."

ಅವಳು ನಂಬಿಬಿಟ್ಟಳು. ಹಾಗಾದರೆ ಆ ಬಿಸಿನೀರಿನ ಮಾತೂ ನಾಟಕವೇ... ರಾತ್ರಿಯಿಡೀ ಅದನ್ನೇ ನೆನೆದು ಅತ್ತಿದ್ದಳು.

ಈಗ ಈ ನಾಲ್ಕನೆಯ ಕಂಪನಿಯ ರಿಸೆಪ್ಷನ್‌ನಲ್ಲಿ ಅವನು ಎದುರಿಗೆ ನಿಂತಿದ್ದ.

"ನಿಮಗೆ ಇದು ಆಟ, ನನಗೆ ಹೊಟ್ಟೆಪಾಡು," ಎಂದಳು. "ಇವತ್ತು ನೀವು ಬೇಡ ಅಂದ್ರೆ ನಾಳೆ ನನ್ನ ಕೆಲಸ ಹೋಗುತ್ತೆ."

ಅವನ ಮುಖ ಬಾಡಿತು. "ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ?"

ಅವನು ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೇ ಹೊರಗೆ ಬಂದ.

"ಸಹಿ ಹಾಕಿದೆ. ಇನ್ನು ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ ಅಲ್ವಾ?"

"ಇಲ್ಲ."

ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇನ್ನು ಇವನಿಗೆ ಫೋನ್ ಮಾಡಲು ಕಾರಣವೇ ಉಳಿಯಲಿಲ್ಲ.

ಅವನು ಚೀಲ ಸರಿಮಾಡಿಕೊಂಡ. "ಬರ್ತೀನಿ. ಇಷ್ಟು ದಿನ ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್. ಇನ್ಮೇಲೆ ನೀವು ಮಾಡೋ ಹಾಗಿಲ್ವಲ್ಲ."

"ಏನಂದ್ರಿ?"

"ನೀವೇ ಹೇಳಿದ್ರಲ್ಲ, ಸೇರಿದವರಿಗೆ ಫೋನ್ ಮಾಡೋ ಹಾಗಿಲ್ಲ ಅಂತ. ಅದಕ್ಕೇ... ನಾನು ಎಲ್ಲೂ ಸೇರಿರಲಿಲ್ಲ."

ಅವಳು ಸೋಫಾದ ತುದಿ ಹಿಡಿದು ಕೂತುಬಿಟ್ಟಳು.

"ಮೂರು ಕೆಲಸ ಬಿಟ್ಟಿದ್ದು ಅದಕ್ಕಾ? ಸಂಬಳ ಏರಿಸ್ಕೊಳ್ಳೋಕಲ್ವಾ?"

"ಯಾವ ಸಂಬಳ? ಅದೇ ಹಳೇ ಪ್ರೋಗ್ರಾಂ, ಅದೇ ಮನೆ. ಅಮ್ಮ ಹೋದ್ಮೇಲೆ ಆ ಮನೇಲಿ ಮಾತೇ ಇಲ್ಲ. ನೀವು ಫೋನ್ ಮಾಡಿದ ದಿನ ಮಾತ್ರ ನನ್ನ ದನಿ ನನಗೇ ಕೇಳ್ತಿತ್ತು."

ಅವಳ ಕಣ್ಣು ತುಂಬಿ ಬಂತು. ಜೊತೆಗೇ ನಗುವೂ ಬಂತು, ಏನು ಮಾಡುವುದು.

"ಅಲ್ರೀ, ಆ ನಿಯಮ ಕೆಲಸದ ವಿಷಯಕ್ಕೆ. ಊಟ ಆಯ್ತಾ ಅಂತ ಕೇಳೋಕೆ ಯಾವ ನಿಯಮ ಅಡ್ಡ ಬರುತ್ತೆ?"

"ನೀವು ಹಾಗೆ ಬಿಡಿಸಿ ಹೇಳಲಿಲ್ಲ," ಎಂದ ಅವನು ಗಂಭೀರವಾಗಿ. "ಫೋನ್ ಮಾಡೋ ಹಾಗಿಲ್ಲ ಅಂದ್ರಿ, ಅಷ್ಟೇ."

"ನನ್ನನ್ನೇ ಒಂದು ಮಾತು ಕೇಳ್ಬಾರ್ದಿತ್ತಾ?"

"ನೀವು ಬೇಡ ಅಂದಿದ್ರೆ? ಇದ್ದ ಫೋನೂ ನಿಂತುಹೋಗ್ತಿತ್ತು." ಅವನು ನೆಲ ನೋಡಿದ. "ನೀವಂದ್ರೆ ನನಗೆ ತುಂಬಾ ಇಷ್ಟ. ಅದನ್ನ ಹೇಗೆ ಹೇಳ್ಬೇಕು ಅಂತ ಗೊತ್ತಾಗಲಿಲ್ಲ."

ಅವಳು ಕೈ ಚಾಚಿ ಅವನ ಫೋನ್ ಇಸಿದುಕೊಂಡಳು. ಒಂದು ನಂಬರ್ ಬರೆದು ಹಿಂದಕ್ಕೆ ಕೊಟ್ಟಳು.

"ಇದು ನನ್ನ ಸ್ವಂತ ನಂಬರ್."

"ಏನಂತ ಮಾಡ್ಲಿ? ಕೆಲಸ ಸಿಕ್ಕಿಬಿಡ್ತಲ್ಲ."

"ಸುಮ್ನೆ ಮಾಡಿ. ಕಾರಣ ಇಲ್ಲದೆ ನನಗೆ ಯಾರೂ ಫೋನ್ ಮಾಡಲ್ಲ."

ಅವನು ಹೆಗಲ ಚೀಲ ಕೆಳಗಿಟ್ಟ. ಆಮೇಲೆ ಅಲ್ಲೇ, ಅವಳ ಪಕ್ಕದಲ್ಲೇ ಕೂತು, ಆ ನಂಬರ್ ಒತ್ತಿ ಫೋನನ್ನು ಕಿವಿಗಿಟ್ಟುಕೊಂಡ. ಅವಳ ಬ್ಯಾಗಿನೊಳಗೆ ಫೋನ್ ಸದ್ದು ಮಾಡಿತು.

"ಎದುರಿಗೇ ಇದ್ದೀನಲ್ರೀ," ಎಂದಳು.

"ತಗೊಳ್ಳಿ ಪರವಾಗಿಲ್ಲ."

ತೆಗೆದುಕೊಂಡಳು. "ಹಲೋ..."

"ಊಟ ಆಯ್ತಾ?"

"ಇನ್ನೂ ಇಲ್ಲ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ನಿಮ್ದು?"

"ನಂದೂ ಇಲ್ಲ."